ಉಣ್ಣಿ, ಚಿಗಟ, ನುಸಿ ಕಚ್ಚಿ ಬರುವ ಜ್ವರ: ದಾವಣಗೆರೆ–ಚಿತ್ರದುರ್ಗ ಸೀಮೆಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಚಳ್ಳಕೆರೆ, ಹಿರಿಯೂರು ಕಡೆ ಶೇಂಗಾ ಕೀಳುವ, ದಾವಣಗೆರೆ, ಜಗಳೂರು ಕಡೆ ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗಳ ಮುಂದೆ ಜ್ವರದವರ ಸಾಲು ಬೆಳೆಯುತ್ತದೆ. ಡೆಂಗಿ ಇರಬಹುದು, ಟೈಫಾಯಿಡ್ ಇರಬಹುದು ಎಂದು ಮನೆಯವರೇ ಮಾತಾಡಿಕೊಂಡು ಬಂದಿರುತ್ತಾರೆ. ಅವೆರಡೂ ಅಲ್ಲದ ಇನ್ನೊಂದು ಗುಂಪಿನ ಜ್ವರವಿದೆ. ಅದನ್ನು ರಿಕೆಟ್ಸಿಯಾ ಜಾತಿಯ ಬ್ಯಾಕ್ಟೀರಿಯಾ ತರುತ್ತವೆ. ಇವು ರಕ್ತನಾಳಗಳ ಒಳಪದರದ ಜೀವಕೋಶಗಳೊಳಗೆ ಸೇರಿಕೊಂಡು ಅಲ್ಲೇ ಮರಿ ಹಾಕುತ್ತವೆ. ನಾಳಗಳು ಸೋರತೊಡಗುತ್ತವೆ, ಅದರಿಂದಲೇ ಮೈಮೇಲೆ ಗುಳ್ಳೆ, ಕೈಕಾಲು ಬಾವು, ಮುಂದೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿನ ತೊಂದರೆ.

ಇದಕ್ಕೆ ಬೇಕಾದ ಮಾತ್ರೆ ಡಾಕ್ಸಿಸೈಕ್ಲಿನ್. ಹಳೆಯದು, ಅಗ್ಗದ್ದು, ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವಂಥದ್ದು. ತಡವಾಗುವುದು ಜ್ವರದ ಹೆಸರು ಯಾರಿಗೂ ಹೊಳೆಯದೆ ಒಂದು ವಾರ ಕಳೆದುಹೋಗುವುದರಿಂದ. ಆ ವಾರವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕಾಗಿಯೇ ಈ ಬರಹ.

ಮೊದಲು: ಯಾವ ಹುಳ, ಯಾವ ಜ್ವರ

ನಮ್ಮ ಸೀಮೆಗೆ ಮುಖ್ಯವಾದವು ಮೂರು.

ಉಣ್ಣಿ (ಕೆಲವರು ಉಣುಗು ಅನ್ನುತ್ತಾರೆ) ತರುವುದು ಇಂಡಿಯನ್ ಟಿಕ್ ಟೈಫಸ್. ನಾಯಿಯ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಕಚ್ಚಿಕೊಂಡಿರುವ ಕಂದು ಉಣ್ಣಿಯೇ ಇದರ ಮುಖ್ಯ ವಾಹಕ. ನಾಯಿಯ ಜೊತೆ ಆಡುವ ಮಕ್ಕಳಲ್ಲಿ ಇದನ್ನು ಹೆಚ್ಚು ಅನುಮಾನಿಸಬೇಕು.

ನುಸಿ ತರುವುದು ಸ್ಕ್ರಬ್ ಟೈಫಸ್. ಇಲ್ಲಿ ಕಚ್ಚುವುದು ನುಸಿಯ ಮರಿ, ಕಣ್ಣಿಗೆ ಕಾಣಿಸುವುದೇ ಕಷ್ಟ. ಬದುವಿನ ಹುಲ್ಲು, ಪೊದೆ, ಪಾಳು ಬಿಟ್ಟ ಜಾಗ, ತೋಟದ ಅಂಚು ಇದರ ನೆಲೆ. ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ನುಸಿ ಉಣ್ಣಿಯೂ ಅಲ್ಲ ಚಿಗಟವೂ ಅಲ್ಲ, ರೋಗಾಣುವಿನ ಹೆಸರು ಕೂಡ ಈಗ ಓರಿಯೆಂಟಿಯಾ ಎಂದು ಬೇರೆಯಾಗಿದೆ. ಆದರೆ ಲಕ್ಷಣ, ಔಷಧ ಎರಡೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಒಟ್ಟಿಗೇ ಹೇಳುತ್ತಿದ್ದೇನೆ.

ಇಲಿಯ ಮೈಮೇಲಿನ ಚಿಗಟ ತರುವುದು ಮ್ಯೂರಿನ್ ಟೈಫಸ್. ಚಿಗಟ ಕಚ್ಚಿದ ಜಾಗದಲ್ಲೇ ಹಿಕ್ಕೆ ಹಾಕುತ್ತದೆ. ನಾವು ಕೆರೆದಾಗ ಅದು ಗಾಯದೊಳಗೆ ಸೇರುತ್ತದೆ. ಮನೆಯೊಳಗೆ ಜೋಳದ ಚೀಲ ಪೇರಿಸಿಟ್ಟವರು, ಗೋದಾಮಿನ ಹಮಾಲರು, ಕಿರಾಣಿ ಅಂಗಡಿಯವರು ಇದನ್ನು ನೆನಪಿಡಬೇಕು.

ಮಂಗನ ಕಾಯಿಲೆ ಈ ಗುಂಪಿನದಲ್ಲ. ಅದನ್ನೂ ಉಣ್ಣಿಯೇ ತರುತ್ತದೆ, ಆದರೆ ಅದು ವೈರಸ್; 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಡಾಕ್ಸಿಸೈಕ್ಲಿನ್ ಅದಕ್ಕೆ ನಾಟುವುದಿಲ್ಲ. ಮಲೆನಾಡಿನ ಕಾಡಿಗೆ ಹೋಗಿಬಂದು ಜ್ವರ ಬಂದಿದ್ದರೆ ಆ ಮಾತನ್ನು ವೈದ್ಯರಿಗೆ ಪ್ರತ್ಯೇಕವಾಗಿ ಹೇಳಿ. ಇನ್ನು ಲೈಮ್ ಕಾಯಿಲೆ: ಮೊಬೈಲಿನಲ್ಲಿ ಉಣ್ಣಿ ಎಂದು ಹುಡುಕಿದರೆ ಮೊದಲು ಬರುವುದೇ ಅದು. ಅದು ಅಮೆರಿಕ, ಯುರೋಪಿನವರ ತಲೆನೋವು. ನಮ್ಮಲ್ಲಿ ಅಪರೂಪ, ಅದರ ಹಿಂದೆ ಬೀಳಬೇಡಿ.

ಹಂತ 1: ಕಚ್ಚಿಕೊಂಡ ಉಣ್ಣಿಯನ್ನು ತೆಗೆಯುವುದು

ಸೀಮೆಎಣ್ಣೆ ಹಾಕುವುದು, ಬೀಡಿ ತುದಿ ಮುಟ್ಟಿಸುವುದು, ಸುಣ್ಣ ಹಚ್ಚುವುದು ಇವೆಲ್ಲ ಬೇಡ. ಕಿರುಕುಳ ಕೊಟ್ಟರೆ ಉಣ್ಣಿ ಜೊಲ್ಲನ್ನು ಗಾಯದೊಳಗೆ ಇನ್ನಷ್ಟು ಬಿಡಬಹುದು. ಅದರ ಜೊಲ್ಲಿನಲ್ಲೇ ರೋಗಾಣು ಇರುವುದು.

ಚೂಪು ತುದಿಯ ಚಿಮ್ಮಟ ತೆಗೆದುಕೊಳ್ಳಿ. ಉಣ್ಣಿಯ ಹೊಟ್ಟೆಯನ್ನು ಹಿಡಿಯದೆ, ಚರ್ಮಕ್ಕೆ ತಾಗಿಕೊಂಡಿರುವ ಬಾಯಿಯ ಹತ್ತಿರ ಹಿಡಿಯಿರಿ. ತಿರುಚದೆ, ಜರ್ಕ್ ಕೊಡದೆ, ನೇರ ಮೇಲಕ್ಕೆ ಒಂದೇ ಸಮ ಎಳೆಯಿರಿ. ಚಿಮ್ಮಟ ಇಲ್ಲದಿದ್ದರೆ ಬೆರಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಹಾಗೆಯೇ ಮಾಡಿ. ಬಾಯಿಯ ಚೂರು ಒಳಗೆ ಉಳಿದರೆ ಸೂಜಿ ಹಾಕಿ ಕೆದಕಬೇಡಿ, ಚರ್ಮವೇ ಅದನ್ನು ಹೊರಹಾಕುತ್ತದೆ. ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ.

ತೆಗೆದ ಉಣ್ಣಿಯನ್ನು ಉಗುರಿನಲ್ಲಿ ಕುಕ್ಕಿ ಒಡೆಯುವುದು ನಮ್ಮಲ್ಲಿ ಎಷ್ಟು ರೂಢಿಯೆಂದರೆ ಅಜ್ಜಿಯರು ಮಾತಾಡುತ್ತಲೇ ನಾಯಿಯ ಮೈಯಿಂದ ಹೆಕ್ಕಿ ಹೆಕ್ಕಿ ಚಿಟಿಕೆಯಲ್ಲಿ ಒಡೆದುಬಿಡುತ್ತಾರೆ. ಇದನ್ನು ಮಾತ್ರ ಬಿಡಿಸಲೇಬೇಕು. ಒಡೆದ ರಸ ಬೆರಳಿನ ಸೀಳಿಗೋ ಕಣ್ಣಿಗೋ ತಾಗಿದರೆ ಕಚ್ಚಿಸಿಕೊಂಡಷ್ಟೇ ಅಪಾಯ. ಮುಚ್ಚಳವಿರುವ ಡಬ್ಬಿಯಲ್ಲಿ ಸ್ವಲ್ಪ ಸ್ಪಿರಿಟ್ಟೋ ಸೋಪಿನ ನೀರೋ ಹಾಕಿ ಅದರೊಳಗೆ ಬೀಳಿಸಿ.

ಸಾಮಾನ್ಯವಾಗಿ ಉಣ್ಣಿ ಕೆಲವು ತಾಸು ಕಚ್ಚಿಕೊಂಡೇ ಇದ್ದರೆ ಸೋಂಕು ದಾಟುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ದನ, ಕುರಿ, ನಾಯಿಗಳ ಜೊತೆ ಇರುವವರು ಸಂಜೆ ಸ್ನಾನದ ಹೊತ್ತಿಗೆ ಒಮ್ಮೆ ಮೈ ನೋಡಿಕೊಂಡರೂ ದೊಡ್ಡ ಲಾಭ.

ಹಂತ 2: ಕ್ಯಾಲೆಂಡರಿನಲ್ಲಿ ಗುರುತು

ಉಣ್ಣಿ ಕಚ್ಚಿದ ಮಾತ್ರಕ್ಕೆ ಮಾತ್ರೆ ನುಂಗಬೇಕಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿ. ಉಣ್ಣಿಯಿಂದಾಗಲಿ ಚಿಗಟದಿಂದಾಗಲಿ ಸೋಂಕು ತಗುಲಿದ್ದರೆ ಜ್ವರ ಸಾಧಾರಣವಾಗಿ ಎರಡು ವಾರದೊಳಗೆ ಬರುತ್ತದೆ. ಸ್ಕ್ರಬ್ ಟೈಫಸ್ಸಿಗೆ 6ರಿಂದ 21 ದಿನ. ನುಸಿ ಕಚ್ಚಿದ ದಿನ ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಕಳೆ ಕಿತ್ತ ದಿನ, ಹುಲ್ಲು ಕೊಯ್ದ ದಿನ, ಕುರಿ ಹಿಂಡಿನ ಜೊತೆ ಹೊಲದಲ್ಲಿ ಮಲಗಿದ ದಿನಗಳಿಂದ ಲೆಕ್ಕ ಹಿಡಿಯಬೇಕು.

ಹಂತ 3: ಜ್ವರ ಬಂದರೆ ಮೈ ಹುಡುಕುವುದು

ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಡುತ್ತೀರಿ ಎಂದಾದರೆ ಈ ಹಂತವನ್ನು ನೆನಪಿಡಿ.

ಜ್ವರ ಜೋರಾಗಿ, ಚಳಿಯೊಂದಿಗೆ, ವಿಪರೀತ ತಲೆನೋವು, ಮೈಕೈನೋವಿನೊಂದಿಗೆ ಶುರುವಾಗುತ್ತದೆ. ಇಷ್ಟರಿಂದ ಏನೂ ತಿಳಿಯದು, ಡೆಂಗಿಯೂ ಹೀಗೇ. ಆದರೆ ಸ್ಕ್ರಬ್ ಟೈಫಸ್ ಎಷ್ಟೋ ಜನರ ಮೈಮೇಲೆ ಸಹಿ ಹಾಕಿ ಹೋಗಿರುತ್ತದೆ: ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಷ್ಟು. ನೋವಿಲ್ಲ, ತುರಿಕೆ ಇಲ್ಲ, ಹಾಗಾಗಿ ರೋಗಿಗೇ ಅದು ಇರುವುದು ತಿಳಿದಿರುವುದಿಲ್ಲ. ನುಸಿ ಮೆತ್ತಗಿನ, ಬಟ್ಟೆ ಬಿಗಿಯುವ ಜಾಗವನ್ನೇ ಹುಡುಕಿಕೊಂಡು ಹೋಗುತ್ತದೆ: ಕಂಕುಳು, ತೊಡೆಸಂದಿ, ಸ್ತನದ ಕೆಳಮಡಿಕೆ, ಸೀರೆ–ಲಂಗದ ಲಾಡಿ ಕಟ್ಟುವ ಸೊಂಟ, ಉಡಿದಾರದ ಕೆಳಗೆ, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಗಂಡಸರ ವೃಷಣದ ಚೀಲದ ಮೇಲೂ.

ಇವೆಲ್ಲ ಹೊರರೋಗಿ ವಿಭಾಗದ ಗದ್ದಲದಲ್ಲಿ ವೈದ್ಯರು ಬಿಚ್ಚಿ ನೋಡಲಾಗದ, ರೋಗಿ ತೋರಿಸಲೊಲ್ಲದ ಜಾಗಗಳೇ. ನಾಚಿಕೆಯಿಂದಾಗಿ ಕಾಯಿಲೆ ತಪ್ಪಿಹೋಗುತ್ತದೆ. ಆದ್ದರಿಂದ ಮನೆಯಲ್ಲೇ, ಬೆಳಕಿನಲ್ಲಿ, ಹೆಂಗಸರನ್ನು ಹೆಂಗಸರು, ಗಂಡಸರನ್ನು ಗಂಡಸರು ನೋಡಿ. ಕಂಡರೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹಕ್ಕಳೆ ಕಾಣಲಿಲ್ಲವೆಂದರೆ ಕಾಯಿಲೆ ಇಲ್ಲವೆಂದು ತಿಳಿಯಬೇಡಿ, ಎಲ್ಲರಿಗೂ ಅದು ಆಗುವುದಿಲ್ಲ.

ಉಣ್ಣಿ ಜ್ವರದಲ್ಲಿ ನೋಡಬೇಕಾದದ್ದು ಗುಳ್ಳೆ. ಜ್ವರದ ಮೂರರಿಂದ ಐದನೇ ದಿನದ ಹೊತ್ತಿಗೆ ಸಾಮಾನ್ಯವಾಗಿ ಮಣಿಕಟ್ಟು, ಕಾಲಗಂಟಿನ ಬಳಿ ಕೆಂಪಾಗಿ ಏಳುತ್ತದೆ, ಆಮೇಲೆ ಮೈಗೆ ಹಬ್ಬುತ್ತದೆ. ಅಂಗೈ, ಅಂಗಾಲಿನಲ್ಲೂ ಗುಳ್ಳೆ ಕಂಡರೆ ಅನುಮಾನ ಗಟ್ಟಿಯಾಗಬೇಕು. ಕಪ್ಪು ಚರ್ಮದಲ್ಲಿ ಮೈಮೇಲಿನ ಗುಳ್ಳೆ ಬೇಗ ಕಾಣದು, ಅದಕ್ಕೇ ಅಂಗೈ, ಅಂಗಾಲು ನೋಡುವುದು. ಮಕ್ಕಳಲ್ಲಿ ಕೈಕಾಲಿನ ಮೇಲ್ಭಾಗ, ಕಣ್ಣಿನ ಸುತ್ತ ಬಾವು ಬರಬಹುದು.

ಇಲ್ಲೇ ನಮ್ಮ ಹಳ್ಳಿಗಳಲ್ಲಿ ಒಂದು ಯಡವಟ್ಟಾಗುತ್ತದೆ. ಮಗುವಿಗೆ ಜ್ವರ, ಮೈತುಂಬ ಕೆಂಪು. "ಅಮ್ಮ ಬಂದಾಳ, ಆಸ್ಪತ್ರಿಗೆ ಕರ್ಕಂಡು ಹೋಗಬಾರ್ದು" ಎಂದು ಬೇವಿನ ಸೊಪ್ಪು ಹಾಸಿ ಮಲಗಿಸುತ್ತಾರೆ. ದೇವರ ಮೇಲಿನ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಬೇವಿನ ಸೊಪ್ಪಿನ ಜೊತೆಗೆ ಅದೇ ದಿನ ವೈದ್ಯರಿಗೂ ತೋರಿಸಿ ಅನ್ನುವುದಷ್ಟೇ. ದಡಾರದ ಗುಳ್ಳೆ ಮುಖದಿಂದ ಶುರುವಾಗಿ ಕೆಳಗಿಳಿಯುತ್ತದೆ, ಮೂಗು ಸೋರುತ್ತದೆ, ಕಣ್ಣು ಕೆಂಪಾಗಿರುತ್ತದೆ. ಸಿಡುಬಿನಂಥದ್ದರಲ್ಲಿ ನೀರುಗುಳ್ಳೆ ಇರುತ್ತವೆ. ಅಂಗಾಲಿನಲ್ಲಿ ಎದ್ದ ಕೆಂಪು ಚುಕ್ಕೆ ಬೇರೆಯೇ ಕಥೆ.

ಹಂತ 4: ವೈದ್ಯರ ಮುಂದೆ ಏನು ಹೇಳಬೇಕು

"ಜ್ವರ ಸಾರ್" ಎಂದಷ್ಟೇ ಹೇಳಿದರೆ ಜ್ವರದ ಮಾತ್ರೆ ಸಿಗುತ್ತದೆ. ಹೀಗೆ ಹೇಳಿ ನೋಡಿ:

"ಸಾರ್, ಜ್ವರ ಬಂದು ಇವತ್ತಿಗೆ ನಾಲ್ಕು ದಿನ. ಹದಿನೈದು ದಿನದ ಹಿಂದೆ ಶೇಂಗಾ ಕೀಳಾಕ ಹೋಗಿದ್ರು. ಮನಿಯಾಗ ನಾಯಿ ಐತಿ, ಉಣ್ಣಿ ಭಾಳ ಅದಾವು. ಸೊಂಟದ ಹತ್ರ ಕರೇ ಹಕ್ಳಿ ಐತಿ, ಫೋಟೊ ತಗದೀನಿ ನೋಡ್ರಿ. ಟೈಫಸ್ ಇರಬಹುದಾ?"

ಜ್ವರದ ದಿನ, ಹೊಲ–ಪೊದೆಯ ಸಂಪರ್ಕ, ಪ್ರಾಣಿ–ಇಲಿಗಳ ಸಂಗತಿ, ಮೈಮೇಲಿನ ಗುರುತು, ಈ ನಾಲ್ಕೂ ಒಂದೇ ಉಸಿರಿನಲ್ಲಿ ಬಂದವು. ಕುರಿ ಸಾಕುವವರಾದರೆ ಇತ್ತೀಚೆಗೆ ಕುರಿ ಈಯಿಸಿದ್ದು, ಕಂದು ಹಾಕಿದ್ದನ್ನು ಎತ್ತಿ ಹಾಕಿದ್ದು ಇದ್ದರೆ ಸೇರಿಸಿ. ಕ್ಯೂ ಜ್ವರ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಸೋಂಕು ಈದ ಕುರಿ, ಮೇಕೆಗಳ ಮಾಸಿನ ತೇವ ಒಣಗಿ ಧೂಳಾದಾಗ ಉಸಿರಿನ ಮೂಲಕ ಬರುತ್ತದೆ. ಈಗಾಗಲೇ ನುಂಗಿದ ಮಾತ್ರೆಗಳ ಖಾಲಿ ಹಾಳೆಯನ್ನೂ ತೆಗೆದುಕೊಂಡು ಹೋಗಿ.

ಹಂತ 5: ರಕ್ತ ಪರೀಕ್ಷೆಗಳನ್ನು ಓದುವ ಬಗೆ

ಪ್ಲೇಟ್‌ಲೆಟ್ ಕಡಿಮೆ, ಯಕೃತ್ತಿನ ಕಿಣ್ವಗಳು ಏರಿರುವುದು, ಸೋಡಿಯಂ ಇಳಿದಿರುವುದು ಈ ಜ್ವರಗಳಲ್ಲಿ ಸಾಮಾನ್ಯ. ಪ್ಲೇಟ್‌ಲೆಟ್ ಇಳಿದಿದೆ ಎಂದ ಕೂಡಲೇ ಡೆಂಗಿ ಎಂದು ತೀರ್ಮಾನಿಸಿ ಪಪ್ಪಾಯಿ ಎಲೆ ಅರೆಯಲು ಕೂರುವ ಮುಂಚೆ ಈ ಮಾತು ನೆನಪಿರಲಿ.

ಟೈಫಾಯಿಡ್ ಪತ್ತೆಗೆಂದು ಮಾಡುವ ವಿಡಾಲ್ ಪರೀಕ್ಷೆಯ ಬಗ್ಗೆ ನನಗಂತೂ ಸಮಾಧಾನವಿಲ್ಲ. ಟೈಫಾಯಿಡ್ ಓಡಾಡುವ ನಾಡಿನಲ್ಲಿ ಹಳೆಯ ಸೋಂಕಿನಿಂದಲೂ, ಬೇರೆ ಜ್ವರಗಳಿಂದಲೂ ಅದು ಪಾಸಿಟಿವ್ ತೋರಿಸಬಹುದು. ಚೀಟಿ ನೋಡಿ ಟೈಫಾಯಿಡ್ ಇಂಜೆಕ್ಷನ್ ಶುರುವಾಗುತ್ತದೆ, ನಾಲ್ಕು ದಿನ ಹೋಗುತ್ತದೆ. ಸೆಫ್ಟ್ರಿಯಾಕ್ಸೋನ್, ಅಮಾಕ್ಸಿಸಿಲಿನ್‌ನಂಥವು ರಿಕೆಟ್ಸಿಯಾಕ್ಕೆ ಏನೂ ಮಾಡವು. ಇಂಜೆಕ್ಷನ್ ಹಾಕಿಸಿಯೂ ಜ್ವರ ಜಗ್ಗುತ್ತಿಲ್ಲವೆಂದರೆ ಅದೇ ಒಂದು ಸುಳಿವು.

ಟೈಫಸ್ಸಿಗೆಂದೇ ಇರುವ ಹಳೆಯ ಪರೀಕ್ಷೆ ವೈಲ್–ಫೆಲಿಕ್ಸ್, 1916ರದು. ಪ್ರೋಟಿಯಸ್ ಎಂಬ ಬೇರೆ ಬ್ಯಾಕ್ಟೀರಿಯಾದ ಮೂರು ತಳಿಗಳನ್ನು (ಒಎಕ್ಸ್‌ಕೆ, ಒಎಕ್ಸ್19, ಒಎಕ್ಸ್2) ಬಳಸಿ ಮಾಡುವಂಥದ್ದು. ಒಎಕ್ಸ್‌ಕೆ ಏರಿದ್ದರೆ ಸ್ಕ್ರಬ್ ಟೈಫಸ್ ಕಡೆಗೆ, ಒಎಕ್ಸ್19 ಏರಿದ್ದರೆ ಚಿಗಟದ ಟೈಫಸ್ ಕಡೆಗೆ, ಒಎಕ್ಸ್2 ಅಥವಾ ಒಎಕ್ಸ್19 ಏರಿದ್ದರೆ ಉಣ್ಣಿ ಜ್ವರದ ಕಡೆಗೆ ಬೊಟ್ಟು ಮಾಡುತ್ತದೆ. ಅಗ್ಗ, ಸಣ್ಣ ಲ್ಯಾಬಿನಲ್ಲೂ ಆಗುತ್ತದೆ, ಆದರೆ ನಿಜವಾದ ಕಾಯಿಲೆಯನ್ನೇ ಎಷ್ಟೋ ಸಲ ತಪ್ಪಿಸಿಬಿಡುತ್ತದೆ. ಸ್ಕ್ರಬ್ ಟೈಫಸ್ಸಿಗೆ ರಕ್ತದಲ್ಲಿನ ಪ್ರತಿಕಾಯ ನೋಡುವ ಐಜಿಎಂ ಎಲೈಸಾ ಪರೀಕ್ಷೆ ಇದಕ್ಕಿಂತ ವಿಶ್ವಾಸಾರ್ಹ. ಅದೂ ಜ್ವರದ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು, ಮೈ ಪ್ರತಿಕಾಯ ತಯಾರಿಸಲು ದಿನ ಬೇಕಲ್ಲ. ಸಣ್ಣ ಊರುಗಳಲ್ಲಿ ಇದು ಸಿಗದಿದ್ದರೆ ಮಾದರಿ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಹೋಗಬೇಕಾಗುತ್ತದೆ.

ಅದಕ್ಕಾಗಿ ಚಿಕಿತ್ಸೆ ಕಾಯಬಾರದು. ಅನುಮಾನ ಗಟ್ಟಿಯಿದ್ದರೆ ವರದಿ ಬರುವ ಮುಂಚೆಯೇ ಮಾತ್ರೆ ಶುರು ಮಾಡಬೇಕೆಂಬುದು ವೈದ್ಯಕೀಯದಲ್ಲಿ ಒಪ್ಪಿತವಾದ ಕ್ರಮ. ವೈದ್ಯರು ಹಾಗೆ ಮಾಡಿದರೆ "ಟೆಸ್ಟ್ ಇಲ್ಲದೆ ಮಾತ್ರೆ ಕೊಟ್ಟರು" ಎಂದು ಗೊಣಗಬೇಡಿ.

ಹಂತ 6: ಮಾತ್ರೆ

ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ, ಸಾಮಾನ್ಯವಾಗಿ ಒಂದು ವಾರ. ಮಕ್ಕಳಿಗೆ ತೂಕದ ಮೇಲೆ ವೈದ್ಯರೇ ಲೆಕ್ಕ ಹಾಕುತ್ತಾರೆ. ಎಂಟು ವರ್ಷದೊಳಗಿನ ಮಕ್ಕಳ ಹಲ್ಲು ಹಳದಿಯಾಗುತ್ತದೆಂಬ ಭಯ ಹಳೆಯ ಟೆಟ್ರಾಸೈಕ್ಲಿನ್‌ನಿಂದ ಬಂದದ್ದು. ಇಷ್ಟು ಕಡಿಮೆ ದಿನದ ಡಾಕ್ಸಿಸೈಕ್ಲಿನ್‌ನಿಂದ ಹಾಗಾಗುವುದು ಕಂಡುಬಂದಿಲ್ಲ. ಗರ್ಭಿಣಿಯರಿಗೆ ಅಜಿಥ್ರೋಮೈಸಿನ್ ಕೊಡುತ್ತಾರೆ, ಆದ್ದರಿಂದ ತಿಂಗಳು ನಿಂತಿದ್ದರೆ ಮುಚ್ಚಿಡಬೇಡಿ. ಸ್ಕ್ರಬ್ ಟೈಫಸ್ ತೀವ್ರವಾಗಿ ಒಳರೋಗಿಯಾದವರಿಗೆ ಎರಡನ್ನೂ ಒಟ್ಟಿಗೆ ರಕ್ತನಾಳದ ಮೂಲಕ ಕೊಡುವುದು ಒಂದನ್ನೇ ಕೊಡುವುದಕ್ಕಿಂತ ಮೇಲೆಂದು ಭಾರತದಲ್ಲೇ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು.

ಊಟದ ಮೇಲೆ, ಒಂದು ದೊಡ್ಡ ಲೋಟ ನೀರಿನ ಜೊತೆ, ಕೂತು ನುಂಗಬೇಕು. ನುಂಗಿದ ಕೂಡಲೇ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡುತ್ತದೆ. ಅರ್ಧ ತಾಸಾದರೂ ಎದ್ದಿರಿ. ಹಾಲು, ಕಬ್ಬಿಣ–ಕ್ಯಾಲ್ಸಿಯಂ ಮಾತ್ರೆ, ಗ್ಯಾಸಿನ ಔಷಧಗಳಿಗೂ ಇದಕ್ಕೂ ಎರಡು ತಾಸು ಅಂತರ ಇರಲಿ. ಮಾತ್ರೆ ನುಂಗುವ ದಿನಗಳಲ್ಲಿ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ.

ಸರಿಯಾದ ಹೊತ್ತಿಗೆ ಶುರುವಾದರೆ ಸಾಮಾನ್ಯವಾಗಿ 48 ಗಂಟೆಗಳಲ್ಲಿ ಜ್ವರ ಇಳಿಯುತ್ತದೆ. ಮೈ ಹಗುರಾಯಿತೆಂದು ಮಾತ್ರೆ ಅರ್ಧಕ್ಕೆ ಬಿಡಬಾರದು. ಇಳಿಯದಿದ್ದರೆ ಮರಳಿ ಹೋಗಿ, ಬೇರೇನೋ ಇದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ನೀವೇ ತಂದು ನುಂಗುವ ಕೆಲಸ ಬೇಡ, ಡೆಂಗಿಯೋ ಮಲೇರಿಯಾವೋ ಆಗಿದ್ದರೆ ಅದು ಮರೆಯಾಗಿ ಕೂರುತ್ತದೆ. ಈ ಜ್ವರಗಳು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ರೋಗಿಯ ತಟ್ಟೆ–ಲೋಟ ಬೇರೆ ಇಡುವುದೂ ಬೇಡ.

ಹಂತ 7: ಕಾಯದೆ ಓಡಬೇಕಾದ ಹೊತ್ತು

ಉಸಿರು ಮೇಲುಬೀಳುವುದು, ಮಾತು ತಪ್ಪುವುದು, ಮಂಪರು, ಫಿಟ್ಸ್, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿ, ಎಲ್ಲಿಂದಲಾದರೂ ರಕ್ತ, ನಿಲ್ಲದ ವಾಂತಿ, ಬೆರಳ ತುದಿ ಅಥವಾ ಕಿವಿಯ ಹಾಲೆ ಕಪ್ಪಾಗುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ತೀವ್ರ ನಿಗಾ ಘಟಕವಿರುವ ಕಡೆಗೆ, ಅಂದರೆ ದಾವಣಗೆರೆ ಅಥವಾ ಚಿತ್ರದುರ್ಗ ನಗರಕ್ಕೆ, ನೇರ ಸಾಗಿಸುವುದು ಒಳ್ಳೆಯದು. ಮೊಳಕಾಲ್ಮೂರು, ಹೊಸದುರ್ಗದ ದೂರದ ಹಳ್ಳಿಯವರು ಪಯಣದ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಇನ್ನೂ ಮುಂಚೆ ಹೊರಡಬೇಕು.

ಹಂತ 8: ನಾಯಿ, ದನ, ಕುರಿ

ಕಂದು ಉಣ್ಣಿ ನಾಯಿಯ ಮೈಮೇಲೆ ಇರುವುದು ಅದರ ಬದುಕಿನ ಸ್ವಲ್ಪ ಕಾಲ ಮಾತ್ರ. ರಕ್ತ ಕುಡಿದು ಕೆಳಗಿಳಿದು ಗೋಡೆಯ ಬಿರುಕು, ಕಲ್ಲಿನ ಸಂದು, ಬಾಗಿಲ ಚೌಕಟ್ಟಿನ ಹಿಂದೆ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಔಷಧ ಹಾಕಿದ ತಿಂಗಳಿಗೇ ಮತ್ತೆ ಉಣ್ಣಿ ಏಕೆ ಎಂಬುದಕ್ಕೆ ಇದೇ ಉತ್ತರ. ನಾಯಿ ಮಲಗುವ ಜಾಗದ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಗೋಣಿತಟ್ಟನ್ನು ಸುಟ್ಟು ಹೊಸದು ಹಾಸಿ, ಗೋಡೆಯ ಬುಡಕ್ಕೆ ಪಶುವೈದ್ಯರು ಹೇಳಿದ ಸಿಂಪಡಣೆ ಮಾಡಿ. ಕೆಲವು ವಾರಗಳ ನಂತರ ಮತ್ತೊಮ್ಮೆ ಮಾಡಿ, ಮೊಟ್ಟೆಗಳು ಅಷ್ಟೊತ್ತಿಗೆ ಒಡೆದಿರುತ್ತವೆ.

ನಾಯಿಗೆ ಕುತ್ತಿಗೆಯ ಹಿಂದೆ ಬಿಡುವ ಫಿಪ್ರೊನಿಲ್ ಹನಿ ಇದೆ. ಫ್ಲುರಾಲನರ್ ಎಂಬ ಅಗಿಯುವ ಮಾತ್ರೆ ದುಬಾರಿ, ಆದರೆ ಸುಮಾರು ಮೂರು ತಿಂಗಳು ಕಾಯುತ್ತದೆ. ಬೆಕ್ಕಿಗೆ ನಾಯಿಯ ಔಷಧ ಹಾಕಬೇಡಿ, ಅಂಥ ಕೆಲವು ಔಷಧಗಳಲ್ಲಿರುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ಹೊಲಕ್ಕೆ ಹೊಡೆದು ಉಳಿದ ಕೀಟನಾಶಕವನ್ನು ನಾಯಿಗೆ, ಎಮ್ಮೆಗೆ ಸವರುವುದನ್ನು ಎಲ್ಲ ಊರುಗಳಲ್ಲೂ ಕಾಣುತ್ತೇವೆ. ಪ್ರಾಣಿ ನೆಕ್ಕಿಕೊಂಡು ಸಾಯುತ್ತದೆ, ಸವರಿದವರ ಕೈಗೂ ಇಳಿಯುತ್ತದೆ. ದನ, ಕುರಿಗಳಿಗೆಂದೇ ಡೆಲ್ಟಾಮೆತ್ರಿನ್, ಫ್ಲುಮೆತ್ರಿನ್ ಇವೆ. ಚೀಟಿಯ ಅಳತೆಯಂತೆ ಬಳಸಿ, ಹಾಲು ಕರೆಯುವ ಹಸುವಾದರೆ ಪಶುವೈದ್ಯರನ್ನು ಕೇಳಿ. ಪಶು ಸಂಚಾರಿ ಆಂಬುಲೆನ್ಸಿಗೆ 1962.

ಹೊಲದ ಕೆಲಸಕ್ಕೆ ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸುವುದು, ಬುತ್ತಿ ಬಿಚ್ಚಲು ಹುಲ್ಲಿನ ಮೇಲೆ ಕೂರದೆ ತಾಡಪಾಲು ಹಾಸುವುದು, ಬಟ್ಟೆ ಪೊದೆಯ ಮೇಲೆ ಒಣಗಿಸದಿರುವುದು. ಮನೆಗೆ ಬಂದ ಕೂಡಲೇ ಉಟ್ಟದ್ದನ್ನು ಬಿಸಿನೀರಿಗೆ ಹಾಕಿ, ಮೈಯುಜ್ಜಿ ಸ್ನಾನ ಮಾಡಿದರೆ ನೆಲೆಯೂರದ ನುಸಿಮರಿಗಳು ತೊಳೆದುಹೋಗುತ್ತವೆ.

ಹಂತ 9: ಇಲಿಗಿಂತ ಮೊದಲು ಚಿಗಟ

ಇಲಿ ಕಾಟ ತಡೆಯಲಾರದೆ ಪಾಷಾಣ ಇಟ್ಟು ಒಂದೇ ರಾತ್ರಿ ಹತ್ತಾರು ಇಲಿ ಕೊಲ್ಲುವುದು ಅವಸರದ ಕೆಲಸ. ಇಲಿಯ ಮೈ ತಣ್ಣಗಾದ ಕೂಡಲೇ ಚಿಗಟಗಳು ಇಳಿದು ಹೊಸ ಮೈ ಹುಡುಕುತ್ತವೆ, ಪಕ್ಕದಲ್ಲಿ ಸಿಗುವುದು ಚಾಪೆಯ ಮೇಲೆ ಮಲಗಿದ ನಾವು. ಕ್ರಮ ಹೀಗಿರಲಿ: ಮೊದಲು ಬಿಲದ ಬಾಯಿ, ಇಲಿ ಓಡಾಡುವ ಗೋಡೆಯಂಚಿಗೆ ಚಿಗಟ ಕೊಲ್ಲುವ ಪುಡಿ. ಕೆಲವು ದಿನ ಬಿಟ್ಟು ಬೋನು ಅಥವಾ ಪಾಷಾಣ. ಆಮೇಲೆ ಬಿಲ ಮುಚ್ಚುವುದು. ಜೋಳದ ಚೀಲಗಳನ್ನು ಗೋಡೆಗೆ ಒತ್ತದೆ, ನೆಲದಿಂದ ಎತ್ತರದ ಹಲಗೆಯ ಮೇಲೆ ಇಡಿ. ಮುಚ್ಚಳವಿರುವ ತಗಡಿನ ಕಣಜವಾದರೆ ಇನ್ನೂ ಒಳ್ಳೆಯದು.

ಸತ್ತ ಇಲಿಯನ್ನು ಬಾಲ ಹಿಡಿದು ತಿಪ್ಪೆಗೆ ಎಸೆಯಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ಎತ್ತಿ, ಚೀಲ ತಿರುಗಿಸಿ ಗಂಟು ಹಾಕಿ, ಆಳವಾಗಿ ಹೂಳಿ.

ಪಾಷಾಣ ಇಡದೆಯೇ ಇಲಿಗಳು ಸಾಲುಸಾಲಾಗಿ ಬಿದ್ದು ಸತ್ತರೆ ಅದು ಬೇರೆ ವಿಷಯ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟ ಮೇಲೆ ಮನೆಯಲ್ಲಿ ಇಲಿ ಬಿತ್ತೆಂದರೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹೋಗಿಬಿಡುತ್ತಿತ್ತು. ಹಿರಿಯರು ಆ ಚಿಗಟದ ಲೆಕ್ಕವನ್ನು ಕಣ್ಣಾರೆ ಕಂಡು ಕಲಿತಿದ್ದರು. ಪ್ಲೇಗೂ ಚಿಗಟ ತರುವ ಬ್ಯಾಕ್ಟೀರಿಯಾ ರೋಗವೇ, 1994ರಲ್ಲಿ ಸೂರತ್ತಿನಲ್ಲಿ ಮತ್ತೆ ತಲೆಯೆತ್ತಿತ್ತು. ಹಾಗೆ ಇಲಿ ಸಾಯುವುದು ಕಂಡರೆ ಗುಡಿಸಬೇಡಿ, ಮುಟ್ಟಬೇಡಿ, ಮಕ್ಕಳನ್ನು ಆ ಕೋಣೆಯಿಂದ ಹೊರಗಿಟ್ಟು ಅದೇ ದಿನ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ.